ಹಳೇ ಕತೆ ಕೇಳದ ಲೆಕ್ಕವನ್ನು ನಂಬಬಹುದಾ? ಉದ್ರಿ ಪುಸ್ತಕ ಮತ್ತು ಮಾರ್ಕೋವ್ ಚೈನ್

ಓದುಗರ ಪ್ರಶ್ನೆ: ನಾನು ಎಂಬಿಎ ಓದುತ್ತಿದ್ದೇನೆ. ಚಿಕ್ಕಮಗಳೂರು ತಾಲ್ಲೂಕಿನಲ್ಲಿ ಅಪ್ಪನದು ಗೊಬ್ಬರ, ಔಷಧಿ ಅಂಗಡಿ. ವ್ಯಾಪಾರದಲ್ಲಿ ಮುಕ್ಕಾಲು ಪಾಲು ಉದ್ರಿ. ಮಾರ್ಕೋವ್ ಚೈನ್ ಇಟ್ಟುಕೊಂಡು ಬಾಕಿಯಲ್ಲಿ ಎಷ್ಟು ಬರುತ್ತೆ, ಎಷ್ಟು ಮುಳುಗುತ್ತೆ ಅಂತ ಅಂದಾಜು ಮಾಡಬಹುದು ಅಂತ ಕ್ಲಾಸಲ್ಲಿ ಹೇಳಿದರು. ಆದರೆ ಅದು ಇವತ್ತಿನ ಸ್ಥಿತಿಯನ್ನು ಮಾತ್ರ ನೋಡುತ್ತೆ, ಹಿಂದಿನದನ್ನೆಲ್ಲ ಮರೆತುಬಿಡುತ್ತೆ ಅಂತಾರಲ್ಲ. ಅಪ್ಪ ಇಪ್ಪತ್ತು ವರ್ಷದ ಕತೆ ನೆನಪಿಟ್ಟುಕೊಂಡು ಉದ್ರಿ ಕೊಡುತ್ತಾರೆ. ಮರೆಯುವ ಲೆಕ್ಕವನ್ನು ನಂಬೋದು ಹೇಗೆ?

ಈ ಪ್ರಶ್ನೆ ನನಗೆ ತುಂಬಾ ಸಲ ಬಂದಿದೆ. ಪ್ರತಿ ಸಲವೂ ನನಗೆ ಚೌಕಾಬಾರ ನೆನಪಾಗುತ್ತೆ.

ಮೊದಲು ಹಾವು ಏಣಿ ಆಟ ತಗೊಳ್ಳಿ. ನಿಮ್ಮ ಕಾಯಿ 37ನೇ ಮನೆಯಲ್ಲಿದೆ. ಅಲ್ಲಿಗೆ ಏಣಿ ಹತ್ತಿ ಬಂತೋ, ಹಾವು ಕಚ್ಚಿ ಇಳಿದು ಬಂತೋ, ಮುಂದಿನ ಗರಕ್ಕೆ ಅದು ಬೇಕಾಗಿಲ್ಲ. ಎಲ್ಲಿದ್ದೀರಿ, ಏನು ಬಿತ್ತು, ಅಷ್ಟೇ. ಇದು ಶುದ್ಧ ಮಾರ್ಕೋವ್ ಚೈನ್: ಮುಂದೆ ಎಲ್ಲಿಗೆ ಹೋಗುವ ಸಾಧ್ಯತೆ ಎಷ್ಟು ಅನ್ನೋದು ಈಗಿರುವ ಸ್ಥಿತಿಯೊಂದರಿಂದಲೇ ತೀರ್ಮಾನ ಆಗುತ್ತೆ. ಚೌಕಾಬಾರದಲ್ಲಿ ಒಂದು ತೊಡಕಿದೆ. ನಮ್ಮ ಕಡೆ ಆಡುವ ಹಾಗೆ ಆಡಿದರೆ, ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವ ಹಾಗಿಲ್ಲ. ಅಂದರೆ ಕಾಯಿ ಯಾವ ಮನೆಯಲ್ಲಿದೆ ಅಂತ ಗೊತ್ತಿದ್ದರೆ ಸಾಲದು, ಹಿಂದೆ ಯಾವಾಗಲಾದರೂ ಕಡಿದಿದ್ದೀರಾ ಅನ್ನೋದೂ ಗೊತ್ತಿರಬೇಕು. ಹಾಗಾದರೆ ಇದು ಮಾರ್ಕೋವ್ ಚೈನ್ ಅಲ್ವಾ? ಹೌದು, ಇದೂ ಮಾರ್ಕೋವ್ ಚೈನೇ! ‘ಕಡಿದವನು ಈ ಮನೆಯಲ್ಲಿ’ ಅನ್ನೋದು ಒಂದು ಸ್ಥಿತಿ, ‘ಕಡಿಯದವನು ಇದೇ ಮನೆಯಲ್ಲಿ’ ಅನ್ನೋದು ಇನ್ನೊಂದು ಸ್ಥಿತಿ ಅಂತ ಬರೆದುಕೊಂಡರೆ ಮುಗಿಯಿತು. ಹಳೇ ಕತೆಯಲ್ಲಿ ಮುಂದಕ್ಕೆ ಎಷ್ಟು ಬೇಕೋ ಅಷ್ಟನ್ನು ಇವತ್ತಿನ ಮನೆಯ ಹೆಸರಿನಲ್ಲೇ ಸೇರಿಸಿಬಿಟ್ಟೆವು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ. ಚೈನ್ ಮರೆಯುತ್ತೆ ಅನ್ನೋದು ಅರ್ಧ ಮಾತು. ಏನನ್ನು ನೆನಪಿಡಬೇಕು ಅಂತ ತೀರ್ಮಾನ ಮಾಡುವವರು ನೀವು, ಮನೆಗಳನ್ನು ಗೀಚುವಾಗ.

ಈಗ ಉದ್ರಿ ಪುಸ್ತಕ ತೆಗೆಯೋಣ. ಇದು ಹೊಸ ಯೋಚನೆ ಏನಲ್ಲ. 1962ರಲ್ಲೇ ಸೈರ್ಟ್, ಡೇವಿಡ್‌ಸನ್, ಥಾಂಪ್ಸನ್ ಅನ್ನುವ ಮೂವರು ‘ಮ್ಯಾನೇಜ್‌ಮೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ಬಾರದೇ ಹೋಗಬಹುದಾದ ಬಾಕಿಗೆ ಎಷ್ಟು ದುಡ್ಡು ತೆಗೆದಿಡಬೇಕು ಅಂತ ಮಾರ್ಕೋವ್ ಚೈನ್‌ನಿಂದ ಲೆಕ್ಕ ಹಾಕುವ ದಾರಿ ತೋರಿಸಿದ್ದರು. ಅವರ ಲೆಕ್ಕದ ತಿರುಳು ನಮ್ಮ ಅಂಗಡಿಗೂ ಹೊಂದುತ್ತೆ.

ಬಾಕಿಯನ್ನು ವಯಸ್ಸಿನ ಪ್ರಕಾರ ನಾಲ್ಕು ಮನೆಗೆ ಹಂಚಿ. ಒಂದು ತಿಂಗಳೊಳಗಿನದು ಮೊದಲ ಮನೆ, ಒಂದರಿಂದ ಎರಡು ತಿಂಗಳಿನದು ಎರಡನೆಯದು, ಎರಡರಿಂದ ಮೂರು ಮೂರನೆಯದು, ಅದಕ್ಕಿಂತ ಹಳೆಯದೆಲ್ಲ ನಾಲ್ಕನೆಯದು. ಇವಲ್ಲದೆ ಹೊಕ್ಕರೆ ವಾಪಸ್ ಬರದ ಮನೆಗಳು ಎರಡಿವೆ. ಒಂದು ‘ಜಮಾ ಆಯಿತು’, ಚೌಕಾಬಾರದಲ್ಲಿ ಕಾಯಿ ಹಣ್ಣಾಗುವ ಹಾಗೆ. ಇನ್ನೊಂದು ‘ಮುಳುಗಿತು’.

ಸಂಖ್ಯೆಗಳು ಸುಮ್ನೆ ಉದಾಹರಣೆಗೆ, ನಿಮ್ಮವನ್ನು ನಿಮ್ಮ ಪುಸ್ತಕದಿಂದಲೇ ತೆಗೆಯಬೇಕು. ಮೊದಲ ಮನೆಯ ನೂರು ರೂಪಾಯಿಯಲ್ಲಿ ತಿಂಗಳೊಳಗೆ 60 ಬರುತ್ತೆ, 40 ಎರಡನೇ ಮನೆಗೆ ಜಾರುತ್ತೆ ಅಂದುಕೊಳ್ಳಿ. ಎರಡನೆಯದರಲ್ಲಿ 50 ಬರುತ್ತೆ, 50 ಜಾರುತ್ತೆ. ಮೂರನೆಯದರಲ್ಲಿ 30 ಬರುತ್ತೆ, 70 ಜಾರುತ್ತೆ. ನಾಲ್ಕನೇ ಮನೆಯಲ್ಲಿ ತಿಂಗಳಿಗೆ 10 ಬರುತ್ತೆ, 10 ಇನ್ನು ಬರಲ್ಲ ಅಂತ ಕೈಬಿಡುತ್ತೀರಿ, 80 ಅಲ್ಲೇ ಕೂತಿರುತ್ತೆ.

ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಹಾಕಿ, ಸುಲಭ. ನಾಲ್ಕನೇ ಮನೆಯಿಂದ ಹೊರಗೆ ಹೋಗುವ 20ರಲ್ಲಿ 10 ಜಮಾ, 10 ಮುಳುಗಡೆ. ಅಲ್ಲಿಗೆ ಬಿದ್ದ ದುಡ್ಡು ಬರುವ ಸಾಧ್ಯತೆ ನೂರಕ್ಕೆ 50, ಅದೂ ಸರಾಸರಿ ಐದು ತಿಂಗಳು ಅಲ್ಲೇ ಕೂತ ಮೇಲೆ. ಮೂರನೇ ಮನೆಗೆ 30 ಜೊತೆಗೆ 70ರ ಅರ್ಧ, ಅಂದರೆ 65. ಎರಡನೆಯದಕ್ಕೆ 50 ಜೊತೆಗೆ ಉಳಿದ 50ರಲ್ಲಿ ನೂರಕ್ಕೆ 65ರಂತೆ, ಒಟ್ಟು 82.5. ಮೊದಲನೆಯದಕ್ಕೆ ಇದೇ ಥರ ಹಾಕಿದರೆ 93.

ಪುಸ್ತಕದಲ್ಲಿ ಇವತ್ತು ಹೊಸ ಉದ್ರಿ 2,00,000 ರೂಪಾಯಿ, ಎರಡನೇ ಮನೆಯಲ್ಲಿ 80,000, ಮೂರನೆಯದರಲ್ಲಿ 40,000, ನಾಲ್ಕನೆಯದರಲ್ಲಿ 60,000 ಇದೆ ಅಂತಿಟ್ಟುಕೊಳ್ಳಿ. ಮುಳುಗಬಹುದಾದದ್ದು ಕ್ರಮವಾಗಿ 14,000, 14,000, 14,000, 30,000. ಒಟ್ಟು 72,000. ಇಲ್ಲಿ ಸ್ವಲ್ಪ ನಿಂತು ನೋಡಿ. ಎರಡು ಲಕ್ಷದ ಹೊಸ ಉದ್ರಿಯಿಂದ ಆಗುವ ನಷ್ಟವೂ, ನಲವತ್ತು ಸಾವಿರದ ಮೂರನೇ ಮನೆಯ ನಷ್ಟವೂ ಒಂದೇ! ಬೈಕ್ ತೆಗೆದು ವಸೂಲಿಗೆ ಹೋಗೋದಾದರೆ ಯಾರ ಮನೆಗೆ ಮೊದಲು ಹೋಗಬೇಕು ಅಂತ ಈ ನಾಲ್ಕು ಸಂಖ್ಯೆ ಹೇಳುತ್ತೆ. ಒಟ್ಟು ಬಾಕಿ 3,80,000 ಅನ್ನುವ ಒಂದೇ ಸಂಖ್ಯೆ ನೋಡುತ್ತಾ ಕೂತರೆ ಇದು ಯಾವತ್ತೂ ಕಾಣಲ್ಲ.

ಯಾರಾದರೂ ಅರ್ಧ ದುಡ್ಡು ಕೊಟ್ಟರೆ ಅದನ್ನು ಮೊದಲು ಹಳೇ ಬಿಲ್ಲಿಗೆ ಜಮಾ ಮಾಡಿಕೊಳ್ಳಿ. ಈ ನಿಯಮವನ್ನು ಮಧ್ಯದಲ್ಲಿ ಬದಲಾಯಿಸಬೇಡಿ.

ಇನ್ನು ಅಪ್ಪನ ನೆನಪಿನ ವಿಷಯ. ಬೇಲೂರಿನ ಹತ್ತಿರ ನಮ್ಮ ಭಾವನದೂ ಇಂಥದ್ದೇ ಅಂಗಡಿ. ಒಂದು ಆಗಸ್ಟ್‌ನಲ್ಲಿ ಅವರ ಲೆಡ್ಜರ್ ಇಟ್ಟುಕೊಂಡು ಮೇಲಿನ ಹಾಗೇ ಮನೆ ಗೀಚಿ ಲೆಕ್ಕ ತೋರಿಸಿದೆ. ನಾಲ್ಕನೇ ಮನೆ ತುಂಬಿ ತುಳುಕುತ್ತಿತ್ತು. ನಾನು ಗಾಬರಿಯಾದೆ. ಭಾವ ಏನೂ ಮಾತಾಡದೆ ಒಂದು ಪುಟ ತಿರುಗಿಸಿ ನನ್ನ ಮುಂದೆ ಇಟ್ಟರು. ಹಿಂದಿನ ವರ್ಷದ ಮೇ ತಿಂಗಳಲ್ಲಿ ಮೈಲುತುತ್ತು, ಸುಣ್ಣ, ಎರಡು ಮೂಟೆ ಪೊಟ್ಯಾಶ್ ಅಂತ ಬರೆದಿತ್ತು. ಮೈಲುತುತ್ತು, ಸುಣ್ಣ ಮಳೆ ಹಿಡಿಯುವ ಮುಂಚೆ ಬೋರ್ಡೋ ದ್ರಾವಣ ಮಾಡಿ ಗಿಡಕ್ಕೆ ಹೊಡೆಯೋಕೆ ತಗೊಂಡಿದ್ದು. ಆಮೇಲೆ ಡಿಸೆಂಬರ್ ತನಕ ಒಂದು ಪೈಸೆ ಜಮಾ ಇಲ್ಲ. ಜನವರಿಯಲ್ಲಿ ಒಂದೇ ಗೆರೆ, ಪೂರ್ತಿ ಜಮಾ. ಅದರ ಹಿಂದಿನ ವರ್ಷವೂ ಹಾಗೇ. ‘ಇವರದು ಕಾಫಿ ಕಣಕ್ಕೆ ಬರಬೇಕು ಕಣಯ್ಯ, ಆಮೇಲೆ ಕೇಳೋದೇ ಬೇಡ’ ಅಂದರು.

ಅದೇ ಪುಸ್ತಕದಲ್ಲಿ ಆಲೂಗಡ್ಡೆ ಬೆಳೆಯುವ ಗಿರಾಕಿಗಳೂ ಇದ್ದರು. ಹಾಸನದ ಕಡೆ ಮುಂಗಾರು ಆಲೂಗಡ್ಡೆಯ ಬಿತ್ತನೆ ಮೇ, ಜೂನ್‌ನಲ್ಲಿ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಗೆಡ್ಡೆ ಕಿತ್ತು ಮಾರುಕಟ್ಟೆಗೆ ಹೋಗುತ್ತೆ. ಅವರ ಬಾಕಿ ನವೆಂಬರ್‌ನಲ್ಲೂ ನಿಂತಿದ್ದರೆ ಯೋಚನೆ ಮಾಡಬೇಕಾದದ್ದು ನಿಜ. ಆದರೆ ಕಾಫಿಯವರ ಬಾಕಿ ನವೆಂಬರ್‌ನಲ್ಲಿ ನಿಂತಿರೋದು ಮಾಮೂಲಿ. ಅರೇಬಿಕಾ ಕೊಯ್ಲು ಆಗ ತಾನೇ ಶುರುವಾಗಿರುತ್ತೆ, ರೊಬಸ್ಟಾ ಮುಗಿಯೋಕೆ ಫೆಬ್ರವರಿ, ಮಾರ್ಚ್ ಆಗುತ್ತೆ. ಇಬ್ಬರನ್ನೂ ಒಂದೇ ಮನೆಯಲ್ಲಿ ಕೂರಿಸಿದ್ದು ನನ್ನ ತಪ್ಪು, ಮಾರ್ಕೋವ್ ತಪ್ಪಲ್ಲ.

ಹೀಗಾಗಿ ಎರಡು ಬದಲಾವಣೆ ಬೇಕು. ಬೆಳೆ ಯಾವುದು ಅನ್ನೋದನ್ನು ಮನೆಯ ಹೆಸರಿಗೆ ಸೇರಿಸಿ. ಹಾಗೆಯೇ ಯಾವ ಮನೆಯಿಂದ ಯಾವ ಮನೆಗೆ ನೂರಕ್ಕೆ ಎಷ್ಟು ಹೋಗುತ್ತೆ ಅನ್ನುವ ಕೋಷ್ಟಕವನ್ನು ಇಡೀ ವರ್ಷಕ್ಕೆ ಒಂದೇ ಇಡಬೇಡಿ. ಮಳೆಗಾಲಕ್ಕೊಂದು, ಕೊಯ್ಲಿನ ಕಾಲಕ್ಕೊಂದು ಮಾಡಿ. ಅಪ್ಪ ಹೇಳುವ ‘ಹೋದ ವರ್ಷ ಸತಾಯಿಸಿದ’ ಅನ್ನುವ ಮಾತನ್ನೂ ಸೇರಿಸಬಹುದು, ಚೌಕಾಬಾರದ ‘ಕಡಿದವನು, ಕಡಿಯದವನು’ ಥರ. ಆದರೆ ಇದಕ್ಕೆ ಬೆಲೆ ಇದೆ. ನಾಲ್ಕು ವಯಸ್ಸು, ಎರಡು ಬೆಳೆ, ಎರಡು ನಡವಳಿಕೆ ಅಂದರೆ ಹದಿನಾರು ಮನೆ ಆಯಿತು. ಎರಡು ಕಾಲಕ್ಕೆ ಅಂದರೆ ಮೂವತ್ತೆರಡು ಸಾಲು. ಐವತ್ತು ಗಿರಾಕಿಗಳ ಪುಸ್ತಕದಲ್ಲಿ ಕೆಲವು ಸಾಲಿಗೆ ಇಬ್ಬರೋ ಮೂವರೋ ಸಿಗುತ್ತಾರೆ. ಇಬ್ಬರನ್ನು ನೋಡಿ ನೂರಕ್ಕೆ ಇಷ್ಟು ಅಂತ ಹೇಳೋದು ಲೆಕ್ಕ ಅಲ್ಲ. ಹಾಗಾಗಿ ನಿಜವಾಗಿ ವ್ಯತ್ಯಾಸ ಮಾಡುವ ನೆನಪನ್ನು ಮಾತ್ರ ಇಟ್ಟುಕೊಳ್ಳಿ.

ಯಾವುದು ವ್ಯತ್ಯಾಸ ಮಾಡುತ್ತೆ ಅಂತ ತಿಳಿಯೋಕೆ ಒಂದು ಸುಲಭದ ಪರೀಕ್ಷೆ ಇದೆ. ನಾಲ್ಕನೇ ಮನೆಯ ಬಾಕಿಗಳನ್ನು ಎರಡು ಗುಂಪು ಮಾಡಿ. ಈ ತಿಂಗಳು ಹೊಸದಾಗಿ ಬಂದವು ಒಂದು ಕಡೆ, ಆರು ತಿಂಗಳಿಂದ ಕೂತಿರುವವು ಇನ್ನೊಂದು ಕಡೆ. ಮುಂದಿನ ತಿಂಗಳು ಎರಡು ಗುಂಪಿನಿಂದಲೂ ಹೆಚ್ಚು ಕಮ್ಮಿ ಒಂದೇ ಪ್ರಮಾಣದಲ್ಲಿ ದುಡ್ಡು ಬಂದರೆ ಆ ಮನೆ ಸರಿಯಾಗಿದೆ. ಒಂದರಿಂದ 25, ಇನ್ನೊಂದರಿಂದ 2 ಬಂದರೆ ಅದು ಒಂದು ಮನೆ ಅಲ್ಲ, ಎರಡು ಮನೆ. ಗೋಡೆ ಎಬ್ಬಿಸಿ.

ದೊಡ್ಡ ಹಣಕಾಸಿನಲ್ಲೂ ಇದೇ ಆಟ. ಬ್ಯಾಂಕಿನಲ್ಲಿ ಸಾಮಾನ್ಯ ಸಾಲದ ಕಂತು 30 ದಿನದವರೆಗೆ ತಡವಾದರೆ ಎಸ್‌ಎಂಎ-0 (ಎಸ್‌ಎಂಎ ಅಂದರೆ ಕಣ್ಣಿಟ್ಟಿರಬೇಕಾದ ಸಾಲ), 60ರವರೆಗೆ ಎಸ್‌ಎಂಎ-1, 90ರವರೆಗೆ ಎಸ್‌ಎಂಎ-2, ಅದನ್ನೂ ದಾಟಿದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಇವೆಲ್ಲ ಮನೆಗಳೇ. ಬೆಳೆ ಸಾಲಕ್ಕೆ ಮಾತ್ರ ರಿಸರ್ವ್ ಬ್ಯಾಂಕ್ ದಿನ ಎಣಿಸದೆ ಬೆಳೆಯ ಹಂಗಾಮು ಎಣಿಸುತ್ತೆ, ಭಾವ ಎಣಿಸಿದ ಹಾಗೇ. ಕಂಪನಿಗಳ ಸಾಲಕ್ಕೆ ಎಎಎ, ಎಎ, ಎ ಅಂತ ದರ್ಜೆ ಕೊಡುವ ಕ್ರಿಸಿಲ್‌ನಂಥ ಸಂಸ್ಥೆಗಳು, ಯಾವ ದರ್ಜೆಯಿಂದ ಯಾವ ದರ್ಜೆಗೆ ಎಷ್ಟು ಕಂಪನಿಗಳು ಸರಿದವು ಅನ್ನುವ ಕೋಷ್ಟಕ ಪ್ರಕಟಿಸುತ್ತವೆ. ಅದು ಮಾರ್ಕೋವ್ ಕೋಷ್ಟಕವೇ. 1997ರಲ್ಲಿ ಅಮೆರಿಕದ ಬ್ಯಾಂಕ್ ಜೆ.ಪಿ. ಮಾರ್ಗನ್ ಹೊರತಂದ, ಸಾಲದ ಅಪಾಯ ಅಳೆಯುವ ‘ಕ್ರೆಡಿಟ್‌ಮೆಟ್ರಿಕ್ಸ್’ ವಿಧಾನ ಇಂಥ ಕೋಷ್ಟಕದ ಮೇಲೇ ನಿಂತಿದೆ. ಅಲ್ಲೂ ನೆನಪಿನ ತೊಂದರೆ ಬಿಟ್ಟಿಲ್ಲ. ಈಗ ತಾನೇ ದರ್ಜೆ ಇಳಿದ ಕಂಪನಿ, ಅದೇ ದರ್ಜೆಯಲ್ಲಿ ಬಹಳ ಕಾಲದಿಂದ ಇರುವ ಕಂಪನಿಗಿಂತ ಮತ್ತೆ ಇಳಿಯುವ ಸಾಧ್ಯತೆ ಜಾಸ್ತಿ ಅಂತ ಕಂಡುಬಂದಿದೆ. ಮೇಲೆ ಹೇಳಿದ ಗೋಡೆ ಅಲ್ಲೂ ಬೇಕು.

ಇನ್ನೊಂದು ಎಚ್ಚರಿಕೆ. ಕೋಷ್ಟಕ ಯಾವ ವರ್ಷದ್ದು ಅಂತ ಯಾವಾಗಲೂ ಕೇಳಿ. 2020ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಕಂತು ಮುಂದೂಡೋಕೆ ಅವಕಾಶ ಕೊಟ್ಟಿತು, ಅದು ಆಗಸ್ಟ್ 31ರವರೆಗೆ ನಡೆಯಿತು. ಆ ಅವಕಾಶ ಪಡೆದ ಸಾಲಗಳು ಅಷ್ಟು ದಿನ ಇದ್ದ ಮನೆಯಲ್ಲೇ ನಿಂತವು. ಆ ತಿಂಗಳುಗಳ ಕೋಷ್ಟಕ ನೋಡಿದವರಿಗೆ ಯಾರೂ ಜಾರೋದೇ ಇಲ್ಲ ಅನ್ನಿಸುತ್ತೆ. ಕಾಫಿ ಬೆಲೆ ಏರಿದ ಎರಡು ವರ್ಷದ ಉದ್ರಿ ಪುಸ್ತಕ ಇಟ್ಟುಕೊಂಡು, ಬೆಲೆ ಬಿದ್ದ ವರ್ಷದ ವಸೂಲಿ ಹೇಳೋಕೆ ಹೋದರೂ ಇದೇ ಮೋಸ.

ಕಾಫಿ ಬೆಲೆಯನ್ನೇ ಮಾರ್ಕೋವ್ ಚೈನ್‌ನಿಂದ ಹೇಳಬಹುದಾ ಅಂತಲೂ ಕೆಲವರು ಕೇಳುತ್ತಾರೆ. ನಾಳೆ ಏರುತ್ತಾ ಇಳಿಯುತ್ತಾ ಅಂತ ಅದು ಹೇಳಲ್ಲ. ಬೆಲೆಗಳನ್ನು ಮಾರ್ಕೋವ್ ಅಂತ ಇಟ್ಟುಕೊಳ್ಳುವುದರ ಅರ್ಥವೇ, ಹಳೇ ಏರಿಳಿತವೆಲ್ಲ ಇವತ್ತಿನ ಬೆಲೆಯಲ್ಲೇ ಅಡಗಿದೆ, ಹಳೇ ಚಾರ್ಟ್ ನೋಡಿ ಹೊಸದೇನೂ ಸಿಗಲ್ಲ ಅಂತ.

ಮ್ಯಾನೇಜ್‌ಮೆಂಟಿನಲ್ಲಿ ಇದರ ಬಳಕೆ ಉದ್ರಿಗೇ ನಿಲ್ಲಲ್ಲ. ಪ್ರತಿ ಮನೆಯಲ್ಲೂ ‘ಈಗ ಏನು ಮಾಡಲಿ’ ಅನ್ನುವ ಆಯ್ಕೆ ಸೇರಿಸಬಹುದು. 1960ರಲ್ಲಿ ರೊನಾಲ್ಡ್ ಹೊವಾರ್ಡ್ ಇದಕ್ಕೊಂದು ಒಳ್ಳೆಯ ವಿಧಾನ ಕೊಟ್ಟರು. ಅಮೆರಿಕದ ಅರಿಜೋನಾ ರಾಜ್ಯ ತನ್ನ ರಸ್ತೆಗಳನ್ನು ಸ್ಥಿತಿಗಳಾಗಿ ವಿಂಗಡಿಸಿ, ಯಾವುದನ್ನು ಯಾವಾಗ ರಿಪೇರಿ ಮಾಡಬೇಕು ಅಂತ ಈ ಥರದ ಲೆಕ್ಕದಿಂದ ನಿರ್ಧರಿಸಿ, ಮೊದಲ ವರ್ಷವೇ 1.4 ಕೋಟಿ ಡಾಲರ್ ಉಳಿಸಿತು. ಮಳೆಗಾಲ ಮುಗಿದ ಮೇಲೆ ಮೂಡಿಗೆರೆ ಕಡೆ ಓಡಾಡಿದಾಗೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತೆ.

ಅಂದ ಹಾಗೆ, ಈ ಚೈನ್‌ಗೆ ಹೆಸರು ಕೊಟ್ಟ ರಷ್ಯಾದ ಗಣಿತಜ್ಞ ಆಂದ್ರೇ ಮಾರ್ಕೋವ್‌ಗೆ ವ್ಯಾಪಾರದ ಯೋಚನೆಯೇ ಇರಲಿಲ್ಲ. 1913ರಲ್ಲಿ ಅವರು ರಷ್ಯಾದ ಕವಿ ಪುಷ್ಕಿನ್ ಕಾವ್ಯದ 20,000 ಅಕ್ಷರ ಕೈಯಲ್ಲೇ ಎಣಿಸಿದರು. ಸ್ವರದ ಬೆನ್ನಿಗೆ ಸ್ವರ ಬರೋದು ನೂರಕ್ಕೆ ಸುಮಾರು 13 ಸಲ, ವ್ಯಂಜನದ ಬೆನ್ನಿಗೆ ಸ್ವರ ಬರೋದು ಸುಮಾರು 66 ಸಲ. ಈ ಎರಡೇ ಸಂಖ್ಯೆಯಿಂದ ಇಡೀ ಪಠ್ಯದಲ್ಲಿ ಸ್ವರಗಳು ನೂರಕ್ಕೆ 43 ಅಂತ ಹೊರಡುತ್ತೆ, ಎಣಿಸಿದರೂ ಅಷ್ಟೇ ಇತ್ತು. ಪುಸ್ತಕ ಎದುರಿಗಿಟ್ಟುಕೊಂಡು ಒಂದೊಂದೇ ಎಣಿಸುವ ಆ ತಾಳ್ಮೆ ನಿಮಗೂ ಬೇಕಾಗುತ್ತೆ. ಮೂರು ವರ್ಷದ ಲೆಡ್ಜರ್ ಅಂದರೆ ಎರಡು ಭಾನುವಾರದ ಕೆಲಸ.

ಕೋಷ್ಟಕ ಆದ ಮೇಲೆ ನವೆಂಬರ್ ಕೊನೆಯಲ್ಲಿ ಪ್ರತಿ ಮನೆಯಿಂದ ಎಷ್ಟು ಬರಬಹುದು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಪಕ್ಕದಲ್ಲೇ ಅಪ್ಪನ ಅಂದಾಜನ್ನೂ ಬರೆಯಿರಿ, ಚೀಟಿಯನ್ನು ಲೆಡ್ಜರ್ ಒಳಗೇ ಇಡಿ. ಮಾರ್ಚ್ ಕೊನೆಯಲ್ಲಿ ಇಬ್ಬರೂ ಕೂತು ತೆಗೆದು ನೋಡಿ. ಭಾವನ ಅಂಗಡಿಯಲ್ಲಿ ನಾವು ಹೀಗೇ ಮಾಡಿದೆವು. ಮೊದಲ ಮೂರು ಮನೆಯಲ್ಲಿ ಲೆಕ್ಕ ಅವರ ಅಂದಾಜಿಗಿಂತ ಹತ್ತಿರ ಬಂತು. ನಾಲ್ಕನೆಯದರಲ್ಲಿ ಅವರದೇ ಸರಿ. ಹಾಗಾಗಿ ಆ ಮನೆಗೆ ಈಗ ಕೋಷ್ಟಕದ ಸಂಖ್ಯೆ ಹಾಕಲ್ಲ. ಒಂದೊಂದು ಹೆಸರನ್ನೂ ನಾನು ಓದುತ್ತೇನೆ, ಭಾವ ಹೇಳಿದ್ದನ್ನು ಬರೆದುಕೊಳ್ಳುತ್ತೇನೆ.