ಆಕ್ಷನ್ನಾ, ಬೋನಸ್ಸಾ? ಐವತ್ತು ವರ್ಷದ ತಕರಾರು

ಹಾಸನದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರ ಪಕ್ಕ ಅರ್ಧ ಗಂಟೆ ಕೂತರೆ ಸಾಕು, "ಲೋ, ಅದು ಆಕ್ಷನ್ನಾ, ಬೋನಸ್ಸಾ?" ಎಂಬ ಪ್ರಶ್ನೆ ಕಿವಿಗೆ ಬಿದ್ದೇ ಬೀಳುತ್ತದೆ. ಅಲ್ಲಿಗೆ ಕಥೆ ನಿಲ್ಲುತ್ತದೆ, ಪುಸ್ತಕ ತೆರೆಯುತ್ತದೆ. ಈಗಂತೂ ಕಾಲೇಜು ಹುಡುಗರ ಕೈಯಲ್ಲಿ 2014ರ ನಿಯಮ ಪುಸ್ತಕ, ವಾರಾಂತ್ಯಕ್ಕೆ ಬೆಂಗಳೂರಿನಿಂದ ಬರುವವರ ಚೀಲದಲ್ಲಿ 2024ರದ್ದು. ಎರಡರ ಉತ್ತರವೂ ಬೇರೆ ಬೇರೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಡಂಜನ್ ಮಾಸ್ಟರ್ (ಡಿಎಂ) ಆಗಿ ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ, ಸೋಲು ಗೆಲುವು ಡೈಸ್ ಮೇಲೆ. ಕತ್ತಿ ಬೀಸಲು ಎಷ್ಟು ಹೊತ್ತು ಬೇಕೆಂದು ಯಾರಿಗಾದರೂ ಅಂದಾಜಿರುತ್ತದೆ. ಬೆಂಕಿಯುಂಡೆ ಎಸೆಯಲು, ಕಣ್ಣೆದುರೇ ಮಾಯವಾಗಲು ಎಷ್ಟು ಹೊತ್ತು ಬೇಕು? ಅದನ್ನು ಪುಸ್ತಕವೇ ಹೇಳಬೇಕು. ಆಕ್ಷನ್ ಎಂದರೆ ಸರದಿಯ ಮುಖ್ಯ ಕೆಲಸ, ಬೋನಸ್ ಎಂದರೆ ಅದರ ಜೊತೆಗೆ ಸಿಗುವ ಚಿಕ್ಕ ಕೆಲಸ.

ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರೂ 1974ರಲ್ಲಿ ಈ ಆಟ ಹೊರತಂದಾಗ ಅದಕ್ಕೆ ಗೊಂಬೆ ಸೈನಿಕರ ಯುದ್ಧದಾಟದ ವಾಸನೆ ಇನ್ನೂ ಹೋಗಿರಲಿಲ್ಲ. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಎಲ್ಲರ ಸರದಿಯೂ ಒಮ್ಮೆ ಮುಗಿಯುವ ಒಂದು ರೌಂಡ್ ಎಂದರೆ ಒಂದು ನಿಮಿಷ, ಅದರಲ್ಲಿ ಹತ್ತು ಸೆಗ್ಮೆಂಟ್, ಬೆಂಕಿಯುಂಡೆಗೆ ಮೂರು. ನಡುವೆ ಏಟು ಬಿದ್ದರೆ ಮಂತ್ರ ಮಣ್ಣುಪಾಲು. ಮೂರನೇ ಆವೃತ್ತಿ 2000ದಲ್ಲಿ ರೌಂಡನ್ನು ಆರು ಸೆಕೆಂಡಿಗೆ ಇಳಿಸಿತು, ಶಕ್ತಿಗಳನ್ನೂ ಜಾತಿ ಮಾಡಿತು: ಮಂತ್ರದಂಥದ್ದನ್ನು ಬಳಸಿದರೆ ಪಕ್ಕದಲ್ಲಿರುವ ಶತ್ರುವಿಗೆ ಬಿಟ್ಟಿ ಏಟಿನ ಅವಕಾಶ, ಅತಿಮಾನುಷವಾದದ್ದಕ್ಕೆ ಆ ಭಯವಿಲ್ಲ. 2008ರ ನಾಲ್ಕನೇ ಆವೃತ್ತಿ ಪ್ರತಿ ಶಕ್ತಿಯ ನೆತ್ತಿಯ ಮೇಲೇ ಅದು ಯಾವ ಬಗೆಯ ಆಕ್ಷನ್ ಎಂದು ಅಚ್ಚು ಹಾಕಿತು. ಎಲ್ಲ ಪಾತ್ರಗಳೂ ಒಂದೇ ಎರಕದಂತಿವೆ ಎಂದು ಬೈಸಿಕೊಂಡ ಆವೃತ್ತಿ ಅದು. ಆದರೂ ಅಷ್ಟು ನಿಚ್ಚಳವಾಗಿ ಬರೆದ ನಿಯಮ ಆಮೇಲೆ ಬಂದಿಲ್ಲ.

ಗೋಜಲು ಶುರುವಾದದ್ದು 2014ರ ಐದನೇ ಆವೃತ್ತಿಯಲ್ಲಿ. ಭಾಷೆ ಸರಳವಾಯಿತು, ಆಡುವವರು ಹೆಚ್ಚಿದರು. ಒಂದು ಟರ್ನ್‌ನಲ್ಲಿ, ಅಂದರೆ ಒಬ್ಬರ ಸರದಿಯಲ್ಲಿ, ಓಡಾಟ, ಒಂದು ಆಕ್ಷನ್. ಯಾವುದಾದರೂ ಶಕ್ತಿ ಕೊಟ್ಟರಷ್ಟೇ ಒಂದು ಬೋನಸ್ ಆಕ್ಷನ್. ಜೊತೆಗೆ ರೌಂಡಿಗೊಂದು ರಿಯಾಕ್ಷನ್, ಅಂದರೆ ಬೇರೆಯವರ ನಡೆಗೆ ಆ ಕ್ಷಣದಲ್ಲೇ ಕೊಡುವ ಉತ್ತರ. ಆಕ್ಷನ್ ಬಿಟ್ಟುಕೊಟ್ಟು ಎರಡು ಬೋನಸ್ ಮಾಡುತ್ತೇನೆಂದರೆ ಆಗದು. ಇಲ್ಲಿಯವರೆಗೆ ಸರಿ.

ಈಗ ದೇವರ ಬಲದಿಂದ ಮಂತ್ರ ಹಾಕುವ ಕ್ಲೆರಿಕ್, ಬೋನಸ್ ಆಕ್ಷನ್‌ನಲ್ಲಿ ಗಾಯ ಮಾಯಿಸುವ ಹೀಲಿಂಗ್ ವರ್ಡ್ ಮಂತ್ರ ಹಾಕಿದಳು ಎನ್ನಿ. ಆ ಟರ್ನ್‌ನಲ್ಲಿ ಅವಳು ಮತ್ತೆ ಹಾಕಬಹುದಾದದ್ದು ಒಂದು ಆಕ್ಷನ್ನಿನ ಕ್ಯಾಂಟ್ರಿಪ್ ಮಾತ್ರ, ಅಂದರೆ ಎಷ್ಟು ಸಲ ಬೇಕಾದರೂ ಹಾಕಬಹುದಾದ ಸಣ್ಣ ಮಂತ್ರ. ಅದೇ, ಕತ್ತಿ ಹಿಡಿಯುವ ಫೈಟರ್‌ನ ವಿದ್ಯೆಯನ್ನೂ ಸ್ವಲ್ಪ ಕಲಿತ ಮಂತ್ರವಾದಿ ವಿಝರ್ಡ್, ಮತ್ತೊಂದು ಆಕ್ಷನ್ ಕೊಡುವ ಆಕ್ಷನ್ ಸರ್ಜ್ ಬಳಸಿ ಒಂದೇ ಟರ್ನ್‌ನಲ್ಲಿ ಎರಡು ಬೆಂಕಿಯುಂಡೆ ಎಸೆಯಬಹುದು! ಗಾಯಕ್ಕೆ ಮದ್ದು ಹಾಕಿದವಳಿಗೆ ಅಡ್ಡಿ, ಊರು ಸುಟ್ಟವನಿಗೆ ಇಲ್ಲ. ಪುಸ್ತಕದ ಪ್ರಕಾರ ಎರಡೂ ಸರಿಯೇ.

ಗುರಾಣಿಯಿಂದ ತಳ್ಳುವ ಶೀಲ್ಡ್ ಮಾಸ್ಟರ್ ಎಂಬ ಶಕ್ತಿಯ ವಿಷಯ ಇನ್ನೂ ಸೊಗಸು. ಅಟ್ಯಾಕ್ ಆಕ್ಷನ್ ತೆಗೆದುಕೊಂಡರೆ ಬೋನಸ್ ಆಕ್ಷನ್‌ನಲ್ಲಿ ತಳ್ಳಬಹುದು ಎಂದಿತ್ತು. ಮೊದಲು ತಳ್ಳಿ ಕೆಡವಿ ಆಮೇಲೆ ಹೊಡೆಯಬಹುದೇ? ವಿನ್ಯಾಸಕಾರರ ಕಡೆಯಿಂದ 2015ರಲ್ಲಿ ಬಂದ ಉತ್ತರ ಹೌದು, 2018ರಲ್ಲಿ ಬಂದದ್ದು ಇಲ್ಲ. ಮೂರು ವರ್ಷ ಕೆಡವಿ ಹೊಡೆದವರು ಏನು ಮಾಡಬೇಕಿತ್ತೋ! ಇನ್ನು ಎದುರಾಳಿಯ ಮಂತ್ರ ತಡೆಯುವ ಮಂತ್ರ, ಕೌಂಟರ್‌ಸ್ಪೆಲ್. ಎದುರಾಳಿ ಹಾಕುತ್ತಿರುವುದು ಯಾವ ಮಂತ್ರ ಎಂದು ಗುರುತಿಸಲು ರಿಯಾಕ್ಷನ್ ಬೇಕು ಎಂದು 2017ರ ಪೂರಕ ಪುಸ್ತಕ ಹೇಳಿತು. ತಡೆಯಲೂ ರಿಯಾಕ್ಷನ್ನೇ ಬೇಕು, ಇರುವುದು ಒಂದೇ. ಹಾಗಾಗಿ ಡಿಎಂ "ಅವನೇನೋ ಮಂತ್ರ ಹೇಳ್ತಿದಾನೆ" ಎಂದಷ್ಟೇ ಹೇಳಿ ಸುಮ್ಮನಾಗಬೇಕು. ಮಂತ್ರದ ಹೆಸರನ್ನೇ ಬಾಯಿಬಿಡುವ ಡಿಎಂಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಅಷ್ಟರಲ್ಲಿ ಮೇಜುಗಳು ತಮ್ಮ ದಾರಿ ನೋಡಿಕೊಂಡಿದ್ದವು. ಚೌಕಾಬಾರದಲ್ಲಿ ನಾಲ್ಕು, ಎಂಟು ಬಿದ್ದರೆ ಮತ್ತೊಂದು ಸಲ ಕವಡೆ ಹಾಕುವುದು ಎಲ್ಲರಿಗೂ ಗೊತ್ತು, ಉಳಿದ ಕಟ್ಟಳೆ ಆಯಾ ಮನೆಯ ಅಜ್ಜಿ ಹೇಳಿದ್ದು. ಇದೂ ಹಾಗೇ ಆಯಿತು. ಮದ್ದಿನ ಕುಪ್ಪಿ ಕುಡಿಯಲು ಪೂರ್ತಿ ಆಕ್ಷನ್ ಬೇಕೆಂದು ಪುಸ್ತಕ ಹೇಳಿದರೂ ಬೋನಸ್ ಸಾಕೆಂದು ಎಷ್ಟೋ ಕಡೆ ಆಡಿದರು. ಕೊನೆಗೆ 2024ರ ಪುಸ್ತಕ ಅದನ್ನೇ ನಿಯಮ ಮಾಡಿತು. ಸ್ಪರ್ಧಿ ಆಟ ಪಾತ್‌ಫೈಂಡರ್ 2019ರ ಎರಡನೇ ಆವೃತ್ತಿಯಲ್ಲೇ ಬೋನಸ್ಸಿನ ಸಹವಾಸ ಬಿಟ್ಟು, ಟರ್ನಿಗೆ ಮೂರು ಆಕ್ಷನ್ ಕೊಟ್ಟು ಕೈತೊಳೆದುಕೊಂಡಿತ್ತು. ಅಲ್ಲಿ ಹೀಲ್ ಮಂತ್ರಕ್ಕೆ ಒಂದು ಆಕ್ಷನ್ ಕೊಟ್ಟರೆ ಮುಟ್ಟಿದವರಿಗೆ ಗುಣ, ಎರಡು ಕೊಟ್ಟರೆ ದೂರದವರಿಗೆ, ಮೂರು ಕೊಟ್ಟರೆ ಸುತ್ತಲಿದ್ದವರಿಗೆಲ್ಲ. ಕೇಳುವುದಕ್ಕೇನೂ ಉಳಿದಿಲ್ಲ. ಆದರೂ ಜನ ಗುರುತಿನ ಆಟ ಬಿಟ್ಟು ಬರುವುದಿಲ್ಲ.

2024ರಲ್ಲಿ ಕ್ಯಾಂಟ್ರಿಪ್ ಕಟ್ಟಳೆ ಹೋಯಿತು. ಒಂದು ಟರ್ನ್‌ನಲ್ಲಿ ಮಂತ್ರಕ್ಕೆಂದು ಒಂದೇ ಸ್ಪೆಲ್ ಸ್ಲಾಟ್ (ಇಷ್ಟೇ ಎಂದು ಎಣಿಸಿ ಕೊಟ್ಟ ಮಂತ್ರಬಲ) ಖರ್ಚು ಮಾಡಬಹುದು, ಅಷ್ಟೇ. ಆಕ್ಷನ್ ಸರ್ಜ್‌ನಿಂದ ಮಂತ್ರ ಹಾಕುವುದೂ ಬಂದ್. ಗುರಾಣಿಯವನಿಗೆ ಏಟು ತಾಗಿದ ಮೇಲೆಯೇ ತಳ್ಳುವ ಅವಕಾಶ, ಅದಕ್ಕೆ ಬೋನಸ್ ಬೇಡ. ಆದರೆ ಸ್ಲಾಟ್ ಇಲ್ಲದೆ ದಿನಕ್ಕೊಮ್ಮೆ ಬಿಟ್ಟಿಯಾಗಿ ಬರುವ, ಕ್ಷಣದಲ್ಲಿ ಜಾಗ ಬದಲಿಸುವ ಮಿಸ್ಟಿ ಸ್ಟೆಪ್ ಮಂತ್ರ ಹಾಕಿ, ಅದೇ ಟರ್ನ್‌ನಲ್ಲಿ ಸ್ಲಾಟ್ ಕೊಟ್ಟು ಬೆಂಕಿಯುಂಡೆ ಎಸೆದರೆ? ಅಕ್ಷರಶಃ ಓದಿದರೆ ನಡೆಯುತ್ತದೆ. ಹಳೆಯ ಪುಸ್ತಕದವರು ಇದನ್ನು ಇನ್ನೂ ಒಪ್ಪಿಲ್ಲ.