ಮೂರನೇ ದಿನ ಬಿಡಬೇಡಿ

“ಡಾಕ್ಟ್ರೇ, ಅದು ನನಗ ಒಗ್ಗಂಗಿಲ್ರಿ.”

ಫಿಸಿಯೋಥೆರಪಿ ಕೆಲಸದಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಇದು. ಸೋಮವಾರ ಒಂದೆರಡು ಹೊಸ ವ್ಯಾಯಾಮ ಹೇಳಿಕೊಟ್ಟಿರುತ್ತೇನೆ. ಕೈ ಊರದೆ ಕುರ್ಚಿಯಿಂದ ಏಳುವುದು, ಮತ್ತೆ ನಿಧಾನವಾಗಿ ಕೂರುವುದು. ಗೋಡೆಗೆ ಕೈಕೊಟ್ಟು ತಳ್ಳುವುದು. ರಬ್ಬರ್ ಬ್ಯಾಂಡ್ ಎಳೆಯುವುದು. ಅಷ್ಟೇ. ಮಂಗಳವಾರ ಮೈ ಸ್ವಲ್ಪ ಬಿಗಿ ಅನ್ನಿಸುತ್ತದೆ. ಬುಧವಾರ ಬೆಳಿಗ್ಗೆ ಏಳುವಾಗ ತೊಡೆ ಹಿಡಿದುಕೊಂಡಿರುತ್ತದೆ. ಮನೆಯವರು “ಈ ವಯಸ್ಸಿನ್ಯಾಗ ಇದೆಲ್ಲಾ ಯಾಕ ಬೇಕಿತ್ತು” ಅನ್ನುತ್ತಾರೆ. ಅಲ್ಲಿಗೆ ಬ್ಯಾಂಡ್ ಕಪಾಟು ಸೇರುತ್ತದೆ.

ಎರಡು ತಿಂಗಳ ಮೇಲೆ ಅವರೇ ಉಣಕಲ್ ಕೆರೆ ದಂಡೆಯಲ್ಲಿ ಸಿಗುತ್ತಾರೆ. “ಅದನ್ನ ಬಿಟ್ಟೇರಿ, ಬರೇ ವಾಕಿಂಗ್ ಮಾಡಾಕತ್ತೇನಿ.” ಮೊಣಕಾಲು ನೋವು ಮಾತ್ರ ಹಾಗೇ ಇರುತ್ತದೆ.

ವಾಕಿಂಗ್ ಬಗ್ಗೆ ನಮ್ಮ ಹುಬ್ಬಳ್ಳಿ-ಧಾರವಾಡದ ಮಂದಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿ ಕೆರೆ ದಂಡೆ, ನೃಪತುಂಗ ಬೆಟ್ಟ, ಅಲ್ಲಿ ಕೆಲಗೇರಿ ಕೆರೆ, ಕರ್ನಾಟಕ ವಿಶ್ವವಿದ್ಯಾಲಯದ ಆವರಣ, ಎಲ್ಲಾ ಕಡೆ ಬೆಳಕು ಹರಿಯುವ ಮೊದಲೇ ಜನ. ಅದನ್ನು ನೋಡಿದರೆ ನನಗೆ ನಿಜಕ್ಕೂ ಖುಷಿ. ಅದನ್ನು ಬಿಡಿ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ಎರಡು ಭಾಗ ಇವೆ. ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಒಂದು. ವಾರಕ್ಕೆ ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಇನ್ನೊಂದು. 65 ದಾಟಿದವರಿಗೆ ಸಮತೋಲನದ ವ್ಯಾಯಾಮವನ್ನೂ ಸೇರಿಸಿದ್ದಾರೆ. ಮೊದಲ ಭಾಗವನ್ನು ನಾವು ಶ್ರದ್ಧೆಯಿಂದ ಮಾಡುತ್ತೇವೆ. ಎರಡನೆಯದು ಬುಧವಾರ ಬೆಳಿಗ್ಗೆ ನಿಂತುಹೋಗುತ್ತದೆ.

ಆ ಬುಧವಾರದ ನೋವಿನ ಬಗ್ಗೆಯೇ ಇವತ್ತು ಬರೆಯಬೇಕು. ಬೇರೆ ಯಾವ ವಿಷಯವನ್ನೂ ಜನ ಇಷ್ಟು ತಪ್ಪಾಗಿ ತಿಳಿದುಕೊಂಡಿಲ್ಲ.

ಮೊದಲು ಒಂದು ಮಾತು. ಆ ನೋವು ಸುಳ್ಳಲ್ಲ, ನೀವು ಸೂಕ್ಷ್ಮದವರು ಅಂತಲೂ ಅಲ್ಲ. ಸ್ನಾಯುವಿಗೆ ಅಭ್ಯಾಸವಿಲ್ಲದ ಕೆಲಸ ಕೊಟ್ಟಾಗ ಅದರ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜಖಂ ಆಗುತ್ತದೆ. ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕಾದಾಗ ಇದು ಜಾಸ್ತಿ. ಕುರ್ಚಿ ಮೇಲೆ ನಿಧಾನವಾಗಿ ಕೂರುವಾಗ ನಿಮ್ಮ ತೊಡೆ ಮಾಡುವುದು ಇದೇ ಕೆಲಸ. ನೃಪತುಂಗ ಬೆಟ್ಟ ಹತ್ತುವಾಗ ಏದುಸಿರು ಬರುತ್ತದೆ, ಆದರೆ ಮರುದಿನ ತೊಡೆ ನೋಯುವುದು ಇಳಿದದ್ದಕ್ಕೆ. ಅಷ್ಟಾದ ಮೇಲೆ ದೇಹ ದುರಸ್ತಿ ಶುರು ಮಾಡುತ್ತದೆ. ಅದಕ್ಕೆ ಕೆಲವು ಗಂಟೆ ಬೇಕು. ಆ ಭಾಗ ಸ್ವಲ್ಪ ಬಿಗಿಯಾಗುತ್ತದೆ, ಅಲ್ಲಿನ ನರಗಳು ಚುರುಕಾಗುತ್ತವೆ. ಆದ್ದರಿಂದಲೇ ಮಾಡಿದ ದಿನ ಏನೂ ಗೊತ್ತಾಗುವುದಿಲ್ಲ. 24ರಿಂದ 72 ಗಂಟೆಗಳ ನಡುವೆ ನೋವು ಏರುತ್ತದೆ, ಸಾಮಾನ್ಯವಾಗಿ ಒಂದು ವಾರದೊಳಗೆ ತಾನಾಗಿ ಇಳಿಯುತ್ತದೆ.

“ಲ್ಯಾಕ್ಟಿಕ್ ಆಸಿಡ್ ಕೂಡೇತ್ರಿ” ಎಂದು ಓದಿಕೊಂಡವರೂ ಹೇಳುತ್ತಾರೆ. ಸ್ನಾಯು ದುಡಿಯುವಾಗ ಹುಟ್ಟುವ ಆಮ್ಲ ಅದು, ವ್ಯಾಯಾಮ ಮುಗಿದು ಒಂದೆರಡು ಗಂಟೆಯಲ್ಲಿ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ಮೂರನೇ ದಿನದ ನೋವಿಗೂ ಅದಕ್ಕೂ ಸಂಬಂಧವಿಲ್ಲ. ತಡವಾಗಿ ಬರುವ ಈ ನೋವಿನ ಬಗ್ಗೆ ಥಿಯೋಡೋರ್ ಹಫ್ ಎಂಬ ಅಮೆರಿಕದ ವಿಜ್ಞಾನಿ 1902ರಲ್ಲೇ ಬರೆದಿದ್ದ. ಅಂದರೆ ಇದು ಹೊಸ ರೋಗವೂ ಅಲ್ಲ, ಹೊಸ ವಿಷಯವೂ ಅಲ್ಲ.

ಈಗ ನಾನು ಮತ್ತೆ ಮತ್ತೆ ಹೇಳುವ, ಜನ ಮತ್ತೆ ಮತ್ತೆ ಮರೆಯುವ ಸಂಗತಿ. ಅದೇ ವ್ಯಾಯಾಮವನ್ನು ಒಂದು ವಾರ ಬಿಟ್ಟು ಮತ್ತೆ ಅಷ್ಟೇ ಮಾಡಿದರೂ ನೋವು ಬಹಳ ಕಡಿಮೆ ಇರುತ್ತದೆ. ಮೂರನೇ ಸಲ ಹೆಚ್ಚಿನವರಿಗೆ ಬರುವುದೇ ಇಲ್ಲ. ಒಂದು ಸಲ ಮಾಡಿದ್ದಕ್ಕೇ ಸ್ನಾಯು ಮುಂದಿನ ಸಲಕ್ಕೆ ತಯಾರಾಗುತ್ತದೆ, ಆ ತಯಾರಿ ಹಲವು ವಾರ ಉಳಿಯುತ್ತದೆ. ಮೂರನೇ ದಿನ ಬಿಟ್ಟವರು ಪೂರ್ತಿ ನೋವು ತಿಂದಿರುತ್ತಾರೆ, ಅದರಿಂದ ಸಿಗಬೇಕಾದ ಲಾಭವನ್ನು ಮಾತ್ರ ಬಿಟ್ಟುಕೊಟ್ಟಿರುತ್ತಾರೆ. ಆರು ತಿಂಗಳ ನಂತರ ಮತ್ತೆ ಯಾರೋ ಒತ್ತಾಯಿಸಿದರು ಎಂದು ಶುರು ಮಾಡಿದರೆ ಮತ್ತೆ ಅದೇ ಮೊದಲ ನೋವು. “ನೋಡ್ರಿ, ಎಷ್ಟ್ ಸಲ ಮಾಡಿದ್ರೂ ಒಗ್ಗಂಗಿಲ್ಲ” ಎಂಬ ತೀರ್ಮಾನ ಗಟ್ಟಿಯಾಗುತ್ತದೆ. ಅವರು ಎಷ್ಟೋ ಸಲ ಮಾಡಿಲ್ಲ. ಮೊದಲನೇ ಸಲವನ್ನೇ ಪದೇ ಪದೇ ಮಾಡಿದ್ದಾರೆ. ಇದನ್ನು ನೋಡಿದಾಗ ನನಗೆ ತಾಳ್ಮೆ ತಪ್ಪುತ್ತದೆ.

ಹಾವೇರಿ ಕಡೆಯ ಹಿರಿಯ ಅಮ್ಮ ಒಬ್ಬರು ಬರುತ್ತಿದ್ದರು. ಅವರಿಗೆ ಈ ವಿವರಣೆ ಯಾವುದೂ ಹಿಡಿಸಲಿಲ್ಲ. ಕೊನೆಗೆ ನಾನು ನಾಗರಪಂಚಮಿ ಜೋಕಾಲಿ ಕೇಳಿದೆ. ನಿಂತು ಜೀಕಿದ ಮರುದಿನ ತೊಡೆ ಏನಾಗುತ್ತಿತ್ತು? “ಅಯ್ಯ, ಕೂಡಾಕ ಬರ್ತಿರಲಿಲ್ಲಪಾ” ಅಂದರು. ಹಾಗಂತ ಮರುದಿನ ಜೋಕಾಲಿ ಬಿಟ್ಟಿರಾ? “ಯಾಕ್ ಬಿಡೂಣು? ಹಬ್ಬ ಮುಗಿಯೂತನಾ ಜೀಕೇವಿ.” ತವರಿನ ಬೇವಿನ ಗಿಡ, ಅಣ್ಣ ಕಟ್ಟುತ್ತಿದ್ದ ಹಗ್ಗ, ಯಾರು ಎಷ್ಟು ಎತ್ತರ ಹೋದರು ಎಂಬ ಪೈಪೋಟಿ, ಎಲ್ಲಾ ಹೇಳಿದರು. ಹೊರಗೆ ಕಾಯುತ್ತಿದ್ದವರು ಒಳಗೆ ಇಣುಕಿ ನೋಡುವಷ್ಟು ಹೊತ್ತಾಯಿತು. ಆ ನೋವಿಗೆ ಅವರು ಯಾವತ್ತೂ ಹೆದರಿರಲಿಲ್ಲ, ಕಾರಣ ಗೊತ್ತಿತ್ತು. ಕುರ್ಚಿಯ ವ್ಯಾಯಾಮದಿಂದ ಬಂದದ್ದೂ ಅದೇ ತೊಡೆಯ ಅದೇ ನೋವು.

ರೈತರಿಗಂತೂ ಇದು ಗೊತ್ತೇ ಇದೆ. ಜೋಳದ ಕೊಯ್ಲಿನ ಮೊದಲ ದಿನ ಸೊಂಟ ಹಿಡಿಯುತ್ತದೆ. ನಾಲ್ಕು ದಿನ ಕಳೆದರೆ ಮೈ ಸಡಿಲಾಗುತ್ತದೆ. ಹೊಲದ ನೋವಿಗೆ ಹೆದರದವರು ರಬ್ಬರ್ ಬ್ಯಾಂಡಿನ ನೋವಿಗೆ ಹೆದರುತ್ತಾರಲ್ಲ, ಅದು ನನಗೆ ಅರ್ಥವಾಗಲು ಬಹಳ ಕಾಲ ಬೇಕಾಯಿತು. ಹೆದರಿಕೆ ಇರುವುದು ನೋವಿಗಿಂತ ಹೊಸತನಕ್ಕೆ. “ನಮ್ಮಂಥವರಿಗಲ್ಲ, ಜಿಮ್ ಹುಡುಗರಿಗೆ” ಎಂಬ ಭಾವನೆ. ಗರಡಿ ಮನೆಯ ದಂಡ-ಬೈಠಕ್, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು, ಜೋಳದ ಚೀಲ ಎತ್ತುವ ಪೈಪೋಟಿ, ಇವೆಲ್ಲ ಇರುವ ಸೀಮೆ ನಮ್ಮದು. ಭಾರ ಎತ್ತುವುದು ಇಲ್ಲಿಗೆ ಹೊರಗಿನಿಂದ ಬಂದದ್ದಲ್ಲ.

ಇನ್ನು ವಯಸ್ಸು. 30 ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತದೆ, 60ರ ನಂತರ ಇನ್ನೂ ವೇಗವಾಗಿ. ನಡಿಗೆಯೊಂದೇ ಅದನ್ನು ತಡೆಯುವುದಿಲ್ಲ. ಆದರೆ ತಡವಾಯಿತು ಎನ್ನುವ ವಯಸ್ಸೂ ಇಲ್ಲ. 1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆಯ ತಂಡ 90ರ ಆಸುಪಾಸಿನ, ಆರೈಕೆ ಕೇಂದ್ರದಲ್ಲಿದ್ದ 10 ಮಂದಿಗೆ ಕಾಲಿನ ಭಾರದ ವ್ಯಾಯಾಮ ಮಾಡಿಸಿತು. 8 ವಾರ ಪೂರ್ತಿ ಮಾಡಿದ 9 ಮಂದಿಯ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತ್ತು. ಪಕ್ಕದಲ್ಲಿ ನಿಂತು ಮಾಡಿಸುವವರಿದ್ದರು, ಅದು ನಿಜ. ಪ್ರತಿಯೊಬ್ಬರಿಗೂ ಅಷ್ಟೇ ಸಿಗುತ್ತದೆ ಎಂದು ನಾನು ಹೇಳಲಾರೆ. ಆದರೆ 58ರ ನಿವೃತ್ತ ಮೇಷ್ಟ್ರು “ನಂದೇನ್ ಉಳಿದೈತ್ರಿ ಇನ್ನ” ಅಂದಾಗ ಆ ಹತ್ತು ಮಂದಿ ನೆನಪಾಗುತ್ತಾರೆ.

ಹಾಗಾದರೆ ಬುಧವಾರ ಏನು ಮಾಡಬೇಕು? ಮಲಗಬೇಡಿ. ವಾಕಿಂಗ್‌ಗೆ ಹೋಗಿ, ಹತ್ತು ನಿಮಿಷದಲ್ಲಿ ಬಿಗಿತ ಇಳಿಯುತ್ತದೆ. ಬಿಸಿನೀರು ಹಾಕಿಕೊಳ್ಳಿ, ಹಗುರಾಗಿ ಎಣ್ಣೆ ಹಚ್ಚಿಕೊಳ್ಳಿ. ಆದರೆ ನೋಯುವ ಸ್ನಾಯುವನ್ನು ಜೋರಾಗಿ ತಿಕ್ಕಿಸಬೇಡಿ. ಮೆಡಿಕಲ್ ಅಂಗಡಿಯಿಂದ ಸ್ವಂತಕ್ಕೆ ನೋವಿನ ಗುಳಿಗೆ ತರಬೇಡಿ. ಬಿಪಿ, ಕಿಡ್ನಿ, ಹೊಟ್ಟೆಯ ತೊಂದರೆ ಇದ್ದವರಂತೂ ಖಂಡಿತ ಬೇಡ. ಅದೇ ಸ್ನಾಯುವಿಗೆ ಎರಡು ದಿನ ಬಿಡುವು ಕೊಟ್ಟು, ಮುಂದಿನ ಸಲ ಎಣಿಕೆಯನ್ನು ಅರ್ಧಕ್ಕೆ ಇಳಿಸಿ ಮಾಡಿ. ಸೊನ್ನೆಗೆ ಇಳಿಸಬೇಡಿ.

ಶುರುವಿನಲ್ಲೇ ಕಡಿಮೆ ಮಾಡಿದರೆ ಇಷ್ಟು ನೋವೂ ಬರುವುದಿಲ್ಲ. ನಾನು ಐದು ಸಲ ಎಂದರೆ ಕೆಲವರು ಮೂವತ್ತು ಸಲ ಮಾಡುತ್ತಾರೆ, ಅದರಲ್ಲೂ ಯುಗಾದಿಗೆ ಸಂಕಲ್ಪ ಮಾಡಿದವರು. ಮೊದಲ ವಾರ “ಇಷ್ಟೇನಾ?” ಅನ್ನಿಸಬೇಕು. ಕುರ್ಚಿ ತಗ್ಗು ಅನ್ನಿಸಿದರೆ ಮೇಲೊಂದು ಗಟ್ಟಿ ದಿಂಬು ಇಟ್ಟುಕೊಳ್ಳಿ. ಉಸಿರು ಬಿಗಿ ಹಿಡಿಯಬೇಡಿ, ಬಿಪಿ ಏರುತ್ತದೆ. ಗಟ್ಟಿಯಾಗಿ ಎಣಿಸುತ್ತಾ ಮಾಡಿದರೆ ಉಸಿರು ತಾನಾಗಿ ಆಡುತ್ತದೆ.

ದುರ್ಗದಬೈಲ್ ಕಡೆ ಬಟ್ಟೆ ಅಂಗಡಿ ನಡೆಸುವ ಹಿರಿಯರೊಬ್ಬರು ಎರಡು ಸಲ ಬಿಟ್ಟು ಮೂರನೇ ಸಲ ಬಂದಾಗ ಇದನ್ನೇ ಹೇಳಿದೆ. “ವ್ಯಾಳ್ಯಾ ಎಲ್ಲೈತ್ರಿ” ಅಂದರು. ಈಗ ಗಿರಾಕಿ ಇಲ್ಲದಾಗ ಅಂಗಡಿಯ ಸ್ಟೂಲ್ ಮೇಲೇ ಎದ್ದು ಕೂರುತ್ತಾರೆ. ಹುಡುಗರು ಎಣಿಸುತ್ತಾರೆ. ಮೊಣಕಾಲು ಪೂರ್ತಿ ಸರಿಯಾಗಿದೆ ಎಂದು ಹೇಳುವುದಿಲ್ಲ, ಸವೆತ ಇದ್ದೇ ಇದೆ. ಆದರೆ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುವುದು ಬಿಟ್ಟಿದ್ದಾರೆ.

ಎಲ್ಲಾ ನೋವೂ ಇಂಥದ್ದೇ ಎಂದು ತಿಳಿಯಬೇಡಿ. ಹೊಸ ವ್ಯಾಯಾಮದ ನೋವು ಸ್ನಾಯುವಿನ ಮಾಂಸಲ ಭಾಗದಲ್ಲಿರುತ್ತದೆ, ಎರಡೂ ಕಡೆ ದುಡಿಸಿದ್ದರೆ ಎರಡೂ ಕಡೆ ಬರುತ್ತದೆ, ಓಡಾಡಿದರೆ ಕಡಿಮೆಯಾಗುತ್ತದೆ. ಮಾಡುವಾಗಲೇ ಚುಚ್ಚಿದಂತಾದರೆ, ಕೀಲು ಊದಿದರೆ ಅಥವಾ ಸಿಕ್ಕಿಕೊಂಡರೆ, ಸೊಂಟದಿಂದ ಕಾಲಿಗೆ ಜುಮುಜುಮು ಇಳಿದರೆ, ವಾರ ಕಳೆದರೂ ನೋವು ಇಳಿಯದಿದ್ದರೆ ನಿಲ್ಲಿಸಿ, ತೋರಿಸಿ. ಎದೆ ಒತ್ತಿದಂತಾದರೆ ಅಥವಾ ತಲೆಸುತ್ತಿ ಬಿದ್ದರೆ ಕಾಯಬೇಡಿ. ವಿಪರೀತ ವ್ಯಾಯಾಮದ ನಂತರ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇದು ಅಪರೂಪ, ಆದರೆ ಕಿಡ್ನಿಗೆ ಅಪಾಯ. ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದವರು ಮೊದಲು ನಿಮ್ಮ ವೈದ್ಯರನ್ನು ಕೇಳಿ.

ಮದುವೆ ಸೀಸನ್, ಊರ ಜಾತ್ರೆ, ಮಗಳ ಬಾಣಂತನ ಎಂದು ತಿಂಗಳು ಒಂದೂವರೆ ತಿಂಗಳು ಬಿಟ್ಟವರು ಮೊದಲಿದ್ದಷ್ಟೇ ಮಾಡಲು ಹೋಗಬೇಡಿ. ಅರ್ಧದಿಂದ ಶುರು ಮಾಡಿ, ಎರಡು ವಾರದಲ್ಲಿ ಹಳೆಯ ಎಣಿಕೆಗೆ ಬನ್ನಿ. ಮೂರನೇ ದಿನ ಸ್ವಲ್ಪ ನೋಯಬಹುದು. ಆಗ ಬ್ಯಾಂಡನ್ನು ಕಪಾಟಿನಲ್ಲಿ ಇಡುವ ಮೊದಲು ನನಗೊಂದು ಫೋನ್ ಮಾಡಿ.