ಗಾಳಿ ಫ್ಯಾನು ಕಲಿಸುವ ಶಟರ್ ಪಾಠ

‘ಸರ್, ಇದಕ್ಕೆ ಸೆಟ್ಟಿಂಗ್ ಎಷ್ಟು?’ ಹೊಸದಾಗಿ ಕ್ಯಾಮೆರಾ ತಗೊಂಡವರು ನನ್ನ ಯಾವ ಫೋಟೊ ನೋಡಿದರೂ ಮೊದಲು ಕೇಳುವುದು ಇದನ್ನೇ. ಹೇಳಲು ನನಗೇನೂ ಬೇಜಾರಿಲ್ಲ. ಆದರೆ ಆ ಅಂಕಿ ಆ ಹೊತ್ತಿನ ಬೆಳಕಿಗೆ, ಆ ವೇಗಕ್ಕೆ ಮಾತ್ರ ಸರಿ. ಅದು ಹೇಗೆ ಬಂತು ಅನ್ನೋದು ಗೊತ್ತಾದರೆ ನಾಳೆ ನಿಮ್ಮ ಲೆಕ್ಕ ನೀವೇ ಹಾಕಬಹುದು.

ಇದನ್ನು ಕಲಿಯಲು ಚಿತ್ರದುರ್ಗದವರಿಗೆ ಒಳ್ಳೆ ಅನುಕೂಲವಿದೆ. ಸುತ್ತಲಿನ ಗುಡ್ಡಗಳ ಮೇಲೆ ಕರೆಂಟು ತಯಾರಿಸುವ ಗಾಳಿ ಫ್ಯಾನುಗಳು ಸಾಲಾಗಿ ನಿಂತಿವೆ. ಒಂದು ಫ್ಯಾನು ಎದುರಿಗೆ ಪೂರ್ತಿ ಕಾಣುವ ಕಡೆ ನಿಲ್ಲಿ. ಒಂದು ರೆಕ್ಕೆಯನ್ನೇ ನೋಡುತ್ತಾ, ಅದು ಮೇಲಿಂದ ಹೊರಟು ಮತ್ತೆ ಮೇಲಕ್ಕೆ ಬರಲು ಎಷ್ಟು ಹೊತ್ತು ಅಂತ ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಅಳೆಯಿರಿ. 4 ಸೆಕೆಂಡು ಅಂತಿಟ್ಟುಕೊಳ್ಳಿ. ರೆಕ್ಕೆ ಮೂರು. ಅಂದರೆ ಸುಮಾರು 1.3 ಸೆಕೆಂಡಿಗೆ ಒಂದು ರೆಕ್ಕೆ ಪಕ್ಕದ ರೆಕ್ಕೆ ಇದ್ದ ಜಾಗಕ್ಕೆ ಬರುತ್ತದೆ.

ಈಗ ಶಟರ್, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, ಅದನ್ನು ಬದಲಿಸುತ್ತಾ ಹೋಗಿ. ಬೆಳಕು ಸರಿದೂಗಿಸಲು ಅಪರ್ಚರ್ (ಲೆನ್ಸಿನೊಳಗಿನ ಕಿಂಡಿ) ಮುಟ್ಟಲೇಬೇಕಾಗುತ್ತದೆ. ಚೌಕಟ್ಟು, ಲೆನ್ಸು, ನಿಂತ ಜಾಗ ಮಾತ್ರ ಹಾಗೇ ಇರಲಿ. 1/500 ಸೆಕೆಂಡಿನಲ್ಲಿ ಫ್ಯಾನು ಕೆಟ್ಟು ನಿಂತಂತೆ ಕಾಣುತ್ತದೆ. 1/8ರಲ್ಲಿ ರೆಕ್ಕೆಯ ತುದಿ ಕರಗಿ, ಬುಡ ಗಟ್ಟಿಯಾಗೇ ಉಳಿಯುತ್ತದೆ. ತುದಿ ಓಡುವ ದೂರ ಜಾಸ್ತಿ, ಅಲ್ವಾ? ಅರ್ಧ ಸೆಕೆಂಡಿಗೆ ಮೂರು ಅಗಲವಾದ ಬೀಸುಗಳು ಸಿಗುತ್ತವೆ. 1.3 ಸೆಕೆಂಡಿಗೆ ಮಧ್ಯದ ಖಾಲಿ ಜಾಗವೆಲ್ಲ ಮುಚ್ಚಿ ಒಂದು ತೆಳು ವೃತ್ತ ಆಗುತ್ತದೆ. ಅಲ್ಲಿಂದಾಚೆಗೆ 10 ಸೆಕೆಂಡು ತೆರೆದಿಟ್ಟರೂ ರೆಕ್ಕೆಯಲ್ಲಿ ಹೊಸದೇನೂ ಆಗುವುದಿಲ್ಲ, ಮೋಡ ಮಾತ್ರ ಎಳೆದುಕೊಳ್ಳುತ್ತದೆ. ನನಗೆ ಇಷ್ಟವಾಗೋದು ಅರ್ಧ ಸೆಕೆಂಡಿನದು. ಅದರಲ್ಲಿ ವೇಗವೂ ಇದೆ, ಇದು ರೆಕ್ಕೆ ಅಂತ ಗುರುತೂ ಸಿಗುತ್ತದೆ. ಹಿಂದೆ ಮಳೆಗಾಲದ ಕಪ್ಪು ಮೋಡ ಇದ್ದರೆ ಇನ್ನೂ ಚೆನ್ನ. ಬಿಳಿ ಆಕಾಶದಲ್ಲಿ ಬಿಳಿ ರೆಕ್ಕೆ ಮಾಯವಾಗಿಬಿಡುತ್ತದೆ.

ಹಗಲಲ್ಲಿ ಅರ್ಧ ಸೆಕೆಂಡು ಹೇಗೆ ಸಾಧ್ಯ? ಚುರುಗುಟ್ಟುವ ಬಿಸಿಲಲ್ಲಿ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 100, ಅಪರ್ಚರ್ ಎಫ್/16 ಇಟ್ಟರೆ ಶಟರ್ 1/100ರ ಆಸುಪಾಸು ಬರುತ್ತದೆ. ಲೆನ್ಸಿನ ಮುಂದೆ ಎನ್‌ಡಿ 64 ಅನ್ನೋ ಕಪ್ಪು ಗಾಜಿನ ಫಿಲ್ಟರ್ ಹಾಕಿದರೆ ಬೆಳಕು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಶಟರ್ 64 ಪಟ್ಟು ಹೊತ್ತು ತೆರೆದಿರಬೇಕು. 64ನ್ನು 100ರಿಂದ ಭಾಗಿಸಿ, 0.64 ಸೆಕೆಂಡು ಬಂತು. ಫಿಲ್ಟರ್ ಇಲ್ಲದವರು ಸುಮ್ನೆ ಕೊಳ್ಳಲು ಓಡಬೇಡಿ. ಹೊತ್ತು ಮುಳುಗಿ ಮಬ್ಬಾಗುವವರೆಗೆ ಕಾದರೆ ಅದೇ ಶಟರ್ ಪುಕ್ಕಟೆ ಸಿಗುತ್ತದೆ.

ಗುಡ್ಡದ ಗಾಳಿಯಲ್ಲಿ ಟ್ರೈಪಾಡ್ ನಡುಗುತ್ತದೆ. ಅದರ ಕೊಕ್ಕೆಗೆ ಬ್ಯಾಗು ತೂಗುಹಾಕಿ, ಆದರೆ ಬ್ಯಾಗಿನ ತಳ ನೆಲಕ್ಕೆ ತಾಗುತ್ತಿರಬೇಕು. ಇಲ್ಲದಿದ್ದರೆ ಬ್ಯಾಗೇ ಜೋಲಾಡಿ ಕ್ಯಾಮೆರಾ ಅಲುಗಿಸುತ್ತದೆ. ಕ್ಯಾಮೆರಾ ಪಟ್ಟಿ ಬಿಚ್ಚಿಡಿ, ಅದು ಪಟಪಟ ಬಡಿಯುವುದೂ ಚಿತ್ರದಲ್ಲಿ ಗೊತ್ತಾಗುತ್ತದೆ. ಬಟನ್ ಒತ್ತುವ ಬದಲು 2 ಸೆಕೆಂಡಿನ ಟೈಮರ್ ಇಡಿ. ಕಂಬ, ಬಂಡೆ ಚೂಪಾಗಿ ನಿಂತಿದ್ದರೇನೇ ತಿರುಗುವುದು ತಿರುಗುತ್ತಿದೆ ಅನ್ನಿಸುವುದು.

ಓಡುವುದರ ಜೊತೆಗೇ ಕೈಯಲ್ಲಿ ಕ್ಯಾಮೆರಾ ತಿರುಗಿಸುತ್ತಾ ತೆಗೆಯುವ ಪ್ಯಾನಿಂಗ್‌ಗೂ ಇದೇ ಮಾತು, ಏನೋ ಒಂದು ಚೂಪಾಗಿರಬೇಕು. ಇಲ್ಲಿ ಓಡುವುದು ಚೂಪು, ಹಿನ್ನೆಲೆ ಎಳೆದುಕೊಳ್ಳುತ್ತದೆ. ದಾವಣಗೆರೆ ರಸ್ತೆಯಲ್ಲಿ ಓಡುವ ಆಟೊಗೆ 1/30ರಿಂದ ಶುರು ಮಾಡಿ. ಆಟೊ ಮುಂದೆ ದಾಟಿದ ಮೇಲೂ ಕೈ ನಿಲ್ಲಿಸಬೇಡಿ.

ಆಮೇಲೆ ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವ ಡಬಲ್ ಎಕ್ಸ್‌ಪೋಶರ್‌ಗೆ ಕೋಟೆಗೆ ಹೋಗಿ. ಗೆಳೆಯನನ್ನು ಹಿಂದೆ ಆಕಾಶ ಬರುವಂತೆ ನಿಲ್ಲಿಸಿ, ಆಕಾಶ ಪೂರ್ತಿ ಬೆಳ್ಳಗಾಗಿ ಅವನು ಕಪ್ಪಾಗುವಂತೆ ಮೊದಲನೆಯದು ತೆಗೆಯಿರಿ. ಎರಡನೆಯದು ಬಂಡೆಯ ಮೈ. ಕಪ್ಪಿದ್ದಲ್ಲಿ ಬಂಡೆಯ ಗೆರೆಗಳು ಕೂರುತ್ತವೆ, ಬಿಳಿ ಜಾಗದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಬಂಡೆಗೆ ಬೆಳಗಿನ ಓರೆ ಬಿಸಿಲು ಬಿದ್ದಿರಬೇಕು. ನಡುಮಧ್ಯಾಹ್ನ ಬಿರುಕುಗಳಲ್ಲಿ ನೆರಳೇ ಇರಲ್ಲ, ಬಂಡೆಯ ಮೈ ಚಪ್ಪಟೆಯಾಗಿ ಕಾಣುತ್ತದೆ.